ಚಾರೋಟಿ ದಾಟಿದ್ರಲ್ಲ, ಊಟ ಆಯ್ತಾ?

ನನ್ನ ಹೆಂಡತಿ ಗುಜರಾತ್ ನೋಡಿದವಳಲ್ಲ. ಉತ್ತರಕ್ಕೆ ಅವಳು ಹೋದ ಕೊನೆಯ ಊರು ಗೋಕರ್ಣ. ಆದರೂ ಖಾನಿವಾಡೆ, ಚಾರೋಟಿ, ಭಗವಾಡ, ಬೋರಿಯಾಚ್, ಚೋರ್ಯಾಸಿ ಅಂತ ಐದು ಹೆಸರನ್ನು ತೆಂಗಿನಕಾಯಿ ತುರಿಯುತ್ತಲೇ ಸಾಲಾಗಿ ಹೇಳ್ತಾಳೆ. ಮುಂಬೈ ದಾಟಿ ಸೂರತ್ ಕಡೆ ಹೋಗುವ 48ನೇ ಹೆದ್ದಾರಿಯ ಟೋಲ್‌ಗೇಟ್‌ಗಳು ಅವು.

ಇದು ಫಾಸ್ಟ್ಯಾಗ್ ಕಲಿಸಿದ ಪಾಠ. ಲಾರಿ ನಮ್ಮದೇ, ಸಾಲದ್ದು. ಲೆಕ್ಕ ಪೂರ್ತಿ ಅವಳ ಕೈಯಲ್ಲಿ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆದಾಗ, ದುಡ್ಡು ಹಾಕುವವಳು ಅವಳೇ ಅಲ್ವಾ ಅಂತ ಅವಳ ನಂಬರನ್ನೇ ಕೊಟ್ಟೆ. ಅದರ ಪರಿಣಾಮ ಆಗ ಹೊಳೆಯಲಿಲ್ಲ. ನಾನು ಒಂದು ಗೇಟ್ ದಾಟಿದ ಕೂಡಲೇ ಉಡುಪಿ ಹತ್ತಿರ ಇನ್ನಂಜೆಯ ನಮ್ಮ ಅಡುಗೆಮನೆಯಲ್ಲಿ ಫೋನ್ ಟುಂಯ್ ಅನ್ನುತ್ತದೆ. ಇಷ್ಟು ರೂಪಾಯಿ ಕಡಿತ, ಇಂಥ ಟೋಲ್, ಇಷ್ಟು ಗಂಟೆ. "ಎಲ್ಲಿಗೆ ಮುಟ್ಟಿದ್ರಿ?" ಅನ್ನುವ ಪ್ರಶ್ನೆ ಅಲ್ಲಿಗೆ ನಿಂತೇ ಹೋಯಿತು. ಈಗ ಏನಿದ್ದರೂ "ಚಾರೋಟಿ ದಾಟಿದ್ರಲ್ಲ, ಊಟ ಆಯ್ತಾ?"

ನನಗೂ ಒಳ್ಳೆಯದೇ. ಓಡಿಸುವಾಗ ನಾನು ಫೋನ್ ಎತ್ತುವುದಿಲ್ಲ. ಎಲ್ಲಾದರೂ ನಿಲ್ಲಿಸಿ, ಚಾ ಹೇಳಿ, ಆಮೇಲೆ ನೋಡುವುದು. ಮೊದಲು ಇದೇ ದೊಡ್ಡ ಜಗಳ ಆಗಿತ್ತು. ಎತ್ತದಿದ್ದರೆ ಅಮ್ಮ ದೇವರಿಗೆ ಹರಕೆ ಹೇಳುವಲ್ಲಿವರೆಗೆ ಹೋಗುತ್ತಿತ್ತು.

ಕಷ್ಟವೂ ಇದೆ. ಸಣ್ಣ ಸುಳ್ಳಿಗೂ ಜಾಗ ಇಲ್ಲ. ಒಮ್ಮೆ ರಾತ್ರಿ ಹತ್ತಕ್ಕೆ "ಪಂಪ್‌ನಲ್ಲಿ ನಿಲ್ಲಿಸಿದ್ದೇನೆ, ಮಲಗ್ತೇನೆ" ಅಂದೆ. ನಿದ್ದೆ ಬರಲಿಲ್ಲ. ರಸ್ತೆ ಖಾಲಿ ಇತ್ತು, ಸುಮ್ನೆ ಹೊರಟೆ. ಎರಡು ಗಂಟೆಗೆ ಭಗವಾಡದಲ್ಲಿ ದುಡ್ಡು ಕಟ್ ಆಯಿತು. ಬೆಳಿಗ್ಗೆ ಐದಕ್ಕೆ ಅವಳ ವಾಯ್ಸ್ ಮೆಸೇಜ್: "ನೀವು ಮಲಗಿದ ಮೇಲೆ ಲಾರಿ ಅದರಷ್ಟಕ್ಕೇ ಹೋಯ್ತಾ ಮಾರಾಯ್ರೆ?"

ಇನ್ನೊಂದು ಸಲ ಉಲ್ಟಾ ಆಯಿತು. ಒಂದು ಗೇಟ್‌ನಲ್ಲಿ ಟ್ಯಾಗ್ ಓದುವ ಮೆಷಿನ್ ಕೆಟ್ಟಿತ್ತೋ ಏನೋ, ಕೈಸನ್ನೆ ಮಾಡಿ ಬಿಟ್ಟರು. ದುಡ್ಡು ಕಟ್ ಆದದ್ದು ಮರುದಿನ. ನನ್ನ ಫೋನ್ ಚಾರ್ಜ್ ಇಲ್ಲದೆ ಸತ್ತಿತ್ತು. ನಾನು ಡಾಬಾದಲ್ಲಿ ದಾಲ್ ತಿಂದು ಗಡದ್ದಾಗಿ ಮಲಗಿದ್ದೆ. ಇವಳು ರಾತ್ರಿ ಇಡೀ ಫೋನ್ ಹಿಡಿದು ಕೂತಿದ್ದಳು. ಹಣ ಕಟ್ ಆಗಲಿಲ್ಲ ಅಂತ ಅತ್ತವಳು ಇಡೀ ಉಡುಪಿ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು. ಆಮೇಲೆ ಕ್ಯಾಬಿನ್‌ನಲ್ಲಿ ಎರಡು ಚಾರ್ಜರ್, ಒಂದು ಪವರ್ ಬ್ಯಾಂಕ್ ಬಂತು.

ನಾನು ಕ್ಲೀನರ್ ಆಗಿ ಲಾರಿ ಹತ್ತಿದ್ದು 1998ರಲ್ಲಿ. ಆಗ ಮನೆಯಲ್ಲಿ ಫೋನ್ ಇಲ್ಲ. ಮಾರ್ಗದ ಬದಿಯ ಅಂಗಡಿಯದ್ದೇ ನಮ್ಮ ಪಿ.ಪಿ. ನಂಬರ್, ಅಲ್ಲಿಗೆ ಫೋನ್ ಮಾಡಿದರೆ ನಮ್ಮವರನ್ನು ಕರೆಯುತ್ತಿದ್ದರು. ಎಸ್‌ಟಿಡಿ ಬೂತಿನಲ್ಲಿ ರೇಟ್ ತೀರಾ ಇಳಿಯುವುದು ರಾತ್ರಿ ತಡವಾದ ಮೇಲೆ. ಅಂಗಡಿ ಬಾಗಿಲು ಹಾಕುವುದು ಒಂಬತ್ತಕ್ಕೆ! ಹಾಗಾಗಿ ಜಾಸ್ತಿ ರೇಟಿಗೇ ಮಾತಾಡಬೇಕು. ಅಂಗಡಿಯವರ ಹುಡುಗ ಓಡಿ ಹೋಗಿ ಅಮ್ಮನನ್ನು ಕರೆದುಕೊಂಡು ಬರುವಷ್ಟರಲ್ಲಿ ಬೂತಿನ ಕೆಂಪು ಅಂಕಿ ಓಡುತ್ತಲೇ ಇರುತ್ತಿತ್ತು. ಅಮ್ಮ ಏದುಸಿರಿನಲ್ಲಿ ತುಳುವಿನಲ್ಲಿ "ಒಣಸ್ ಆಂಡಾ?" ಅನ್ನುವುದು, ಊಟ ಆಯ್ತಾ ಅಂತ. ನಾನು ಆಯಿತು ಅನ್ನುವುದು. ಇಡುವುದು.

ಈಗ ಅದೇ ಅಮ್ಮ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಮೈಕ್‌ನ ಮೇಲೆ ಬೆರಳು ಒತ್ತಿ ಹಿಡಿಯಬೇಕು ಅಂತ ಮಗಳು ಕಲಿಸಿದ್ದಾಳೆ. ಮಾತು ಮುಗಿದ ಮೇಲೆ ಬೆರಳು ತೆಗೆಯಬೇಕು ಅನ್ನುವುದು ಮಾತ್ರ ಇನ್ನೂ ತಲೆಗೆ ಹೋಗಿಲ್ಲ. ಹಾಗಾಗಿ ಅರ್ಧ ನಿಮಿಷ ಮಾತು, ಮೂರು ನಿಮಿಷ ಮನೆ. ಕೋಳಿ ಕೂಗುತ್ತದೆ, ಕುಕ್ಕರ್ ಸೀಟಿ ಹಾಕುತ್ತದೆ, ಮಳೆ ಇದ್ದರೆ ಶೀಟಿನ ಮೇಲೆ ಬೀಳುವ ಸದ್ದು. ಮಗಳು ಸರಿ ಮಾಡಿ ಹೇಳಿಕೊಡ್ತೇನೆ ಅಂದಳು. ಬೇಡ ಅಂದೆ.

ಟೋಲ್ ಇಲ್ಲದ ದಾರಿಯೂ ಒಂದುಂಟು. ರೋರೋ. ಮಂಗಳೂರಿನ ಬೈಕಂಪಾಡಿಯಲ್ಲಿ ಅಡಿಕೆ ಲೋಡ್ ಮಾಡಿ ಸುರತ್ಕಲ್‌ನಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸುವುದು. ಚಕ್ರಕ್ಕೆ ಅಡ್ಡ ಕೊಟ್ಟು, ಸರಪಳಿ ಬಿಗಿದು, ನಾವು ನಮ್ಮ ಕ್ಯಾಬಿನ್‌ನಲ್ಲೇ ಕೂತುಕೊಳ್ಳುವುದು. ಇಳಿಯುವುದು ಮಹಾರಾಷ್ಟ್ರದ ಕೋಲಾಡ್‌ನಲ್ಲಿ. ಕೊಂಕಣ ರೈಲ್ವೆ ಇದನ್ನು 1999ರಲ್ಲಿ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಶುರು ಮಾಡಿದ್ದು. ನಮ್ಮ ಸುರತ್ಕಲ್‌ಗೆ ಬಂದದ್ದು ಆಮೇಲೆ. ಡೀಸೆಲ್ ಉಳಿಯುತ್ತದೆ, ಟಯರ್ ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ. ಆದರೆ ಅಡುಗೆಮನೆಯ ಫೋನ್ ಟುಂಯ್ ಅನ್ನುವುದಿಲ್ಲ.

ಅದಕ್ಕೆ ಮಗಳು ದಾರಿ ಹುಡುಕಿದಳು. ವಾಟ್ಸಾಪಿನಲ್ಲಿ ಲೈವ್ ಲೊಕೇಶನ್. ಒಮ್ಮೆ ಹಾಕಿದರೆ ಎಂಟೇ ಗಂಟೆ. ಒಂದು ರೋರೋ ಟ್ರಿಪ್‌ನಲ್ಲಿ ಎರಡು ಮೂರು ಸಲ ಹಾಕಬೇಕು. ಮ್ಯಾಪಿನಲ್ಲಿ ನನ್ನ ಫೋಟೋ ಇರುವ ಚುಕ್ಕೆ ಸಮುದ್ರದ ಬದಿಯಲ್ಲೇ ಮೇಲೆ ಮೇಲೆ ಹೋಗುತ್ತದಂತೆ. ಸುರಂಗ ಬಂದರೆ ನಿಲ್ಲುತ್ತದೆ. ರತ್ನಗಿರಿ ಹತ್ತಿರದ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಒಳಗೆ ಕತ್ತಲೆ, ಸದ್ದು, ಬೆವರು. ಗಾಜು ಏರಿಸಿದರೆ ಸೆಕೆ, ಇಳಿಸಿದರೆ ಧೂಳು. ಹೊರಗೆ ಬಂದ ಮೇಲೆ ಫೋನ್ ಜೀವ ಬಂದು ನಡುಗುತ್ತದೆ. ಮಗಳದ್ದು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ನಾನು ಹೆಬ್ಬೆರಳು ಕಳಿಸುತ್ತೇನೆ.

ಇದರಲ್ಲಿ ತಮಾಷೆ ಏನು ಗೊತ್ತುಂಟಾ? ರೋರೋ ಹೋಗುವುದು ನಮ್ಮ ಊರಿನ ಮೇಲೆಯೇ. ಮಧ್ಯಾಹ್ನ ಗಂಜಿ ಉಂಡು ಮನೆಯಿಂದ ದಕ್ಷಿಣಕ್ಕೆ ಹೊರಟು, ಲೋಡ್ ಮಾಡಿ, ಸುರತ್ಕಲ್‌ನಲ್ಲಿ ಸರದಿ ಕಾದು, ರಾತ್ರಿ ರೈಲಿನ ಮೇಲೆ ಕೂತು ಮತ್ತೆ ಮನೆ ಎದುರಿಂದಲೇ ಉತ್ತರಕ್ಕೆ ಹೋಗುವುದು. ನಮ್ಮ ಗದ್ದೆಯ ಆಚೆಯೇ ರೈಲಿನ ಹಳಿ. ಚುಕ್ಕೆ ಮುಲ್ಕಿ ದಾಟಿದ ಮೇಲೆ ಮೂವರೂ ಅಂಗಳಕ್ಕೆ ಬರುತ್ತಾರೆ. ಅಮ್ಮನ ಕೈಯಲ್ಲಿ ಟಾರ್ಚ್. ನಾನು ಲಾರಿಯ ಡಿಪ್ಪರ್ ಲೈಟ್ ಎರಡು ಸಲ ಹೊಡೆಯುತ್ತೇನೆ. ಗದ್ದೆಯಾಚೆ ಒಂದು ಬೆಳಕು ಅಲ್ಲಾಡುತ್ತದೆ. ಎಣಿಸಿದರೆ ನಾಲ್ಕು ಸೆಕೆಂಡ್ ಇರಬಹುದು. ಅಮ್ಮನಿಗೆ ಕಣ್ಣು ಸ್ವಲ್ಪ ಮಂಜು. ಕಳೆದ ಸಲ ನಮ್ಮ ರೈಲಿಗಿಂತ ಮುಂಚೆ ಬಂದ ಯಾವುದೋ ಗೂಡ್ಸ್‌ಗೆ ಅಷ್ಟೂ ಟಾರ್ಚ್ ಬೀಸಿ ಒಳಗೆ ಹೋಗಿ ಮಲಗಿದ್ದರು. ಬಾರ್ಕೂರು ಮುಟ್ಟುವಾಗ ಅವರ ಮೆಸೇಜ್ ಬಂತು: "ತೋಜಿಂಡಾ ಮಗಾ?" ಕಾಣಿಸಿತಾ ಅಂತ. ಕಾಣಿಸಿತು ಅಂದೆ. ಇಂಥ ಸುಳ್ಳು ಹಿಡಿಯುವ ಟೋಲ್ ಇನ್ನೂ ಬಂದಿಲ್ಲ.

ಬರುವಾಗಲೂ ಹೀಗೇ. ಗುಜರಾತಿನ ಮೋರ್ಬಿಯ ಟೈಲ್ಸ್ ಹೊತ್ತು ಮನೆ ಎದುರಿಂದ ಹಾದು ಸುರತ್ಕಲ್‌ಗೆ ಹೋಗಬೇಕು. ಇಳಿಸಿ, ಮಂಗಳೂರಲ್ಲಿ ಅನ್‌ಲೋಡ್ ಮಾಡಿ, ಲಾರಿಯ ಧೂಳು ತೊಳೆದು, ಖಾಲಿ ಲಾರಿಯಲ್ಲಿ ಹಿಂದೆ ಬರಬೇಕು. ದಾರಿಯಲ್ಲಿ ಒಂದೇ ಗೇಟ್, ಹೆಜಮಾಡಿ. ನಾನು ಫೋನ್ ಮಾಡುವುದಿಲ್ಲ, ಅವಳೂ ಮಾಡುವುದಿಲ್ಲ. ಮಸಾಲೆ ಹಚ್ಚಿದ ಬಂಗುಡೆ ತಟ್ಟೆಯಲ್ಲಿ ಮುಚ್ಚಿಟ್ಟಿರುತ್ತಾಳೆ. ಹೆಜಮಾಡಿಯಲ್ಲಿ ದುಡ್ಡು ಕಟ್ ಆದ ಮೇಲೆಯೇ ಒಲೆಯ ಮೇಲೆ ಕಾವಲಿ ಇಡುವುದು.