ರವಿವರ್ಮನ ಮೊಮ್ಮಗಳ ಮನೆಯಲ್ಲಿ ಟೀ

ಕೇರಳದ ಕೋವಳಂಗೆ ಹೊರಡುವ ಮೊದಲು, ಅಲ್ಲಿ ಗುಡ್ಡದ ಮೇಲಿರುವ ಆ ದೊಡ್ಡ ಹೋಟೆಲಿನ ಒಂದು ರಾತ್ರಿಯ ಬಾಡಿಗೆ ಎಷ್ಟು ಅಂತ ನೋಡಿ ಫೋನನ್ನು ಸುಮ್ನೆ ಕೆಳಗಿಟ್ಟೆ. ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಮೂರು ದಿನ ಅದೇ ಮಾತು. ಲೈಟ್‌ಹೌಸ್ ಬೀಚಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಲಾಡ್ಜ್ ಹಿಡಿದೆವು. ಸಂಜೆ ಟೀ ಕುಡಿಯೋಕಾದರೂ ಮೇಲೆ ಹೋಗೋಣ ಅಂತ ಅಮ್ಮನನ್ನು ಒಪ್ಪಿಸಿ ಆಟೋ ಹತ್ತಿಸಿದೆ.

ನನಗೆ ಬೇಕಿದ್ದದ್ದು ಟೀ ಅಲ್ಲ, ಹ್ಯಾಲ್ಸಿಯನ್ ಕ್ಯಾಸಲ್. ತಿರುವಾಂಕೂರಿನ ಮಹಾರಾಣಿ ಸೇತು ಲಕ್ಷ್ಮಿ ಬಾಯಿ ಅವರ ಗಂಡ ರಾಮವರ್ಮ 1932ರಲ್ಲಿ ಕಟ್ಟಿಸಿದ ಕಡಲ ದಂಡೆಯ ಮನೆ ಅದು. ಅರಮನೆ ಅಂತಲೇ ಕರೆಯುತ್ತಾರೆ, ಆದರೆ ಮೈಸೂರು ನೋಡಿದವರ ಕಣ್ಣಿಗೆ ಇದೊಂದು ದೊಡ್ಡ ಬಂಗಲೆ ಅಷ್ಟೇ. 1960ರ ದಶಕದಲ್ಲಿ ಸರ್ಕಾರದ ಕೈಗೆ ಹೋಯಿತು, ಆಮೇಲೆ ಹೋಟೆಲಾಯಿತು. ಕೆಳಗಿನ ಇಳಿಜಾರಿನಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹೊಸ ರೂಮುಗಳನ್ನು ಮಲೆನಾಡಿನ ಗದ್ದೆಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ್ದಾರೆ, ಹಾಗಾಗಿ ಕಟ್ಟಡಕ್ಕಿಂತ ಗುಡ್ಡವೇ ಜಾಸ್ತಿ ಕಾಣುತ್ತೆ. ಹ್ಯಾಲ್ಸಿಯನ್ ಅಂದರೆ ಮಿಂಚುಳ್ಳಿ. ನಮಗೆ ಕಂಡಿದ್ದು ಕಾಗೆ.

ಕೂತ ಜಾಗದಿಂದ ಎಡಕ್ಕೆ ಕೆಂಪು ಬಿಳಿ ಪಟ್ಟೆಯ ವಿಳಿಂಜಂ ಲೈಟ್‌ಹೌಸು, ಎದುರಿಗೆ ಪೂರಾ ಅರಬ್ಬೀ ಸಮುದ್ರ. ಟೀ ಒಂದು ಕಡೆ, ಹಾಲು ಒಂದು ಕಡೆ, ಸಕ್ಕರೆ ಇನ್ನೊಂದು ಕಡೆ ಬಂತು. ಅಮ್ಮ ಮೂರನ್ನೂ ನೋಡಿ, "ಮಾಡ್ಕೊಳ್ಳೋದು ನಾವೇನಾ?" ಅಂದಳು.

ನಾನು ಕಥೆ ಶುರು ಮಾಡಿದೆ. ರಾಜ ಇನ್ನೂ ಹುಡುಗ ಅಂತ 1924ರಿಂದ 1931ರವರೆಗೆ ಈ ರಾಣಿಯೇ ರಾಜ್ಯ ನೋಡಿಕೊಂಡರು, ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಎಲ್ಲ ಜಾತಿಯವರೂ ಓಡಾಡಬೇಕು ಅಂತ ವೈಕಂ ಸತ್ಯಾಗ್ರಹ ನಡೆಯುವಾಗ 1925ರಲ್ಲಿ ಗಾಂಧೀಜಿ ಬಂದು ಇವರ ಹತ್ತಿರ ಮಾತಾಡಿದ್ದರು, ಹೀಗೆ. ಅಮ್ಮ "ಹೂಂ, ಹೂಂ" ಅನ್ನುತ್ತಾ ಬಿಸ್ಕತ್ತು ಅದ್ದುತ್ತಿದ್ದಳು. ರವಿವರ್ಮನ ಮೊಮ್ಮಗಳು ಅಂದೆ ನೋಡಿ, ಬಿಸ್ಕತ್ತು ಅರ್ಧ ಮುರಿದು ಟೀಯೊಳಗೆ ಬಿತ್ತು.

"ನಮ್ಮ ಸರಸ್ವತಿ ಪಟದ ರವಿವರ್ಮನಾ?"

ನಮ್ಮ ದೇವರ ಮನೆಯಲ್ಲಿ ಅಜ್ಜಿ ಕಾಲದ ಒಂದು ಸರಸ್ವತಿ ಇದ್ದಾಳೆ, ಪಟದ ಗಾಜಿನ ಮೇಲೆ ಕುಂಕುಮ ಹಚ್ಚಿ ಹಚ್ಚಿ ಆ ಜಾಗ ದಪ್ಪಗಾಗಿಬಿಟ್ಟಿದೆ. ಹೌದಮ್ಮ, ಅದೇ ರವಿವರ್ಮ ಅಂದೆ. ಅವರ ಮೊಮ್ಮಗಳು ಇದನ್ನೆಲ್ಲ ಬಿಟ್ಟು ನಮ್ಮ ಬೆಂಗಳೂರಿಗೆ ಬಂದು ನೆಲೆಸಿ, 1985ರಲ್ಲಿ ಅಲ್ಲೇ ತೀರಿಕೊಂಡರು ಅಂತಲೂ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಸಮುದ್ರ ನೋಡಿದಳು. "ಎಂಬತ್ತೈದರಲ್ಲಿ ನೀನು ಹೊಟ್ಟೇಲಿದ್ದೆ ಕಣೇ. ನಾನು ದಿನಾ ಬಸ್ಸಲ್ಲಿ ಓಡಾಡ್ತಿದ್ದ ಊರಲ್ಲೇ ರಾಣಿ ಇದ್ರಾ? ಯಾರೂ ಹೇಳ್ಲೇ ಇಲ್ವಲ್ಲ!" ಆಮೇಲೆ, "ಇಂಥಾ ಸಮುದ್ರ ಬಿಟ್ಟು ನಮ್ಮೂರಲ್ಲಿ ಏನಿತ್ತು ಅಂತ ಬಂದ್ರೋ."

"ಆಗ ಊರು ತಂಪಾಗಿತ್ತಲ್ಲಮ್ಮ."

ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು, "ಅದು ಸರಿ," ಅಂದಳು.

ಬಿಲ್ಲನ್ನು ನಾನು ಮಡಚಿ ಬ್ಯಾಗಿಗೆ ಹಾಕಿಕೊಳ್ಳುವಷ್ಟರಲ್ಲಿ ಅವಳು ನೋಡಿಯೇಬಿಟ್ಟಿದ್ದಳು. ಆಶ್ಚರ್ಯ ಅಂದರೆ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಆಟೋದಲ್ಲೇ ಚಿಕ್ಕಮ್ಮನಿಗೆ ಫೋನ್ ಹಚ್ಚಿ, ಗಾಳಿಯ ಸದ್ದಿಗೆ ಕಿರುಚಿಕೊಂಡು, "ರವಿವರ್ಮನ ಮೊಮ್ಮಗಳ ಮನೇಲಿ ಟೀ ಕುಡಿದು ಬಂದೆ ಕಣೇ," ಅಂದಳು. ಹೋಟೆಲ್ ಅನ್ನೋ ಮಾತನ್ನೇ ಎತ್ತಲಿಲ್ಲ.