‘ದಕ್ಷಿಣ ಕನ್ನಡ ಜಿಲ್ಲೆಯ’ ಎಂದು ಹುಡುಕಿದಾಗ

ಹಳೆಯ ಪತ್ರಿಕೆಗಳ ಸ್ಕ್ಯಾನ್ ಪುಟಗಳನ್ನು ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಎಂಜಿನ್‌ಗೆ ಇಂಡೆಕ್ಸ್ ಮಾಡಿ (ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿ ಕಟ್ಟಿ) ಡೆಮೊ ತೋರಿಸಲು ನಾವು ಮಂಗಳೂರಿನಿಂದ ಉಡುಪಿಗೆ ಹೋಗಿದ್ದೆವು. ಅಲ್ಲಿನ ಹಿರಿಯ ಗ್ರಂಥಪಾಲಕರು ಉದ್ಧರಣ ಚಿಹ್ನೆಯೊಳಗೆ ‘ದಕ್ಷಿಣ ಕನ್ನಡ ಜಿಲ್ಲೆಯ’ ಎಂದು ಬರೆದು ಎಂಟರ್ ಒತ್ತಿದರು. ಉತ್ತರ ಬರಲು 14 ಸೆಕೆಂಡು ಹಿಡಿಯಿತು. “ಇನ್ನೊಮ್ಮೆ ನೋಡುವ ಸರ್” ಎಂದೆ. ಮತ್ತೆ 11 ಸೆಕೆಂಡು. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ.

ಡೆಮೊಗೆ ಮೊದಲು ನಾನು ಪರೀಕ್ಷಿಸಿದ್ದು ‘ಅವಿಭಜಿತ ದಕ್ಷಿಣ ಕನ್ನಡ’ ಎಂಬ ನುಡಿಗಟ್ಟನ್ನು ಮಾತ್ರ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಸಂಗ್ರಹದ ಬಹುಪಾಲು ಅದಕ್ಕಿಂತ ಹಿಂದಿನದಾದ್ದರಿಂದ ‘ಅವಿಭಜಿತ’ ಎಂಬ ಪದ ಅದರಲ್ಲಿ ವಿರಳ. ಎಂಜಿನ್ ಅತಿ ವಿರಳ ಪದದಿಂದ ಆರಂಭಿಸಿ, ಎಲ್ಲ ಪದಗಳೂ ಇರುವ ಪುಟಗಳನ್ನು ಆರಿಸಿಕೊಂಡು, ಅವುಗಳಲ್ಲಿ ಮಾತ್ರ ಪದಗಳ ಸ್ಥಾನಗಳನ್ನು ಹೋಲಿಸುತ್ತದೆ. ಗ್ರಂಥಪಾಲಕರು ಕೇಳಿದ ಮೂರೂ ಪದಗಳು ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ಇದ್ದುದರಿಂದ, ಆ ಸ್ಥಾನಪಟ್ಟಿಗಳನ್ನೆಲ್ಲ ಡಿಸ್ಕಿನಿಂದ ಓದಬೇಕಾಯಿತು.

ಇದನ್ನು ಮೆಮೊರಿಯ ಕೊರತೆಯೆಂದು ತಿಳಿದ ನಾನು ಅಂದು ರಾತ್ರಿಯೇ ಹೀಪನ್ನು (ಎಂಜಿನ್ ತನ್ನ ಕೆಲಸಕ್ಕೆಂದು ಕಾದಿರಿಸಿಕೊಳ್ಳುವ ಮೆಮೊರಿಯನ್ನು) ಯಂತ್ರದ ಮೆಮೊರಿಯ ಅರ್ಧದಿಂದ ಮುಕ್ಕಾಲಿಗೆ ಏರಿಸಿದೆ. ಬೆಳಿಗ್ಗೆ ಹುಡುಕಾಟ ಇನ್ನಷ್ಟು ನಿಧಾನವಾಗಿತ್ತು. “ಹೀಪಿಗೆ ಕೊಟ್ಟದ್ದನ್ನು ಎಲ್ಲಿಂದ ತೆಗೆದಿರಿ?” ಎಂದು ನಮ್ಮ ಹಿರಿಯ ಸಹೋದ್ಯೋಗಿ ಕೇಳಿದಾಗಲೇ ನನಗೆ ಹೊಳೆದದ್ದು: ಎಲಾಸ್ಟಿಕ್‌ಸರ್ಚ್‌ನ ಒಳಗೆ ಹುಡುಕಾಟ ನಡೆಸುವ ಲೂಸೀನ್ ಎಂಬ ತಂತ್ರಾಂಶ ತನ್ನ ಕಡತಗಳನ್ನು ಓದುವುದು ಆಪರೇಟಿಂಗ್ ಸಿಸ್ಟಮ್‌ನ ಪೇಜ್ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ಉಳಿದ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮೂಲಕ, ನಾನು ಕಿತ್ತುಕೊಂಡದ್ದು ಅದರ ಜಾಗವನ್ನೇ.

ಹೀಪನ್ನು ಮೊದಲಿನ ಮಟ್ಟಕ್ಕೆ ಇಳಿಸಿ, ಮ್ಯಾಪಿಂಗ್‌ನಲ್ಲಿ (ಪಠ್ಯವನ್ನು ಹೇಗೆ ಇಂಡೆಕ್ಸ್ ಮಾಡಬೇಕೆಂದು ತಿಳಿಸುವ ವಿವರದಲ್ಲಿ) ‘ಇಂಡೆಕ್ಸ್ ಫ್ರೇಸಸ್’ ಆಯ್ಕೆಯನ್ನು ಸೇರಿಸಿದೆವು. ಅದು ‘ದಕ್ಷಿಣ ಕನ್ನಡ’, ‘ಕನ್ನಡ ಜಿಲ್ಲೆಯ’ ಎಂಬಂತೆ ಅಕ್ಕಪಕ್ಕದ ಎರಡೆರಡು ಪದಗಳ ಜೋಡಿಯನ್ನು ಒಂದೇ ಪದವೆಂಬಂತೆ ಬೇರೆ ಫೀಲ್ಡಿನಲ್ಲಿ ಇಡುತ್ತದೆ. ಇಂಡೆಕ್ಸ್ ಹಿಗ್ಗುತ್ತದೆ, ಎಲ್ಲ ಪುಟಗಳನ್ನೂ ಮತ್ತೆ ಇಂಡೆಕ್ಸ್ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ ಹೆಚ್ಚುವರಿ ಡಿಸ್ಕನ್ನು ನಾನು ಎರಡು ತಿಂಗಳ ಹಿಂದೆಯೇ ಕೇಳಿದ್ದೆ. ಆಗ ಅನಗತ್ಯ ಖರ್ಚೆಂದು ತಳ್ಳಿಹಾಕಿದ ಆಡಳಿತ ವರ್ಗ, ಗ್ರಾಹಕರ ಪತ್ರ ಬಂದ ಮರುದಿನವೇ ಮಂಜೂರು ಮಾಡಿತು. ಇದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ.

ಈಗ ಅದೇ ಹುಡುಕಾಟ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಆದರೆ ಓಸಿಆರ್ (ಸ್ಕ್ಯಾನ್ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ) ಈ ಪದಗಳ ನಡುವೆ ತಪ್ಪಾಗಿ ಇನ್ನೊಂದು ಪದವನ್ನು ತೂರಿಸಿದ ಪುಟಗಳೂ ಸಿಗಲೆಂದು ಸ್ಲಾಪ್ 1 ಕೊಟ್ಟರೆ, ಅಂದರೆ ನಡುವೆ ಒಂದು ಸ್ಥಾನದ ಅಂತರವಿದ್ದರೂ ಸರಿ ಎಂದರೆ, ಎಂಜಿನ್ ಈ ಜೋಡಿಗಳನ್ನು ಬಿಟ್ಟು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಅಂತಹ ಹುಡುಕಾಟ ಇನ್ನೂ ನಿಧಾನವೆಂದು ಗ್ರಂಥಪಾಲಕರಿಗೆ ಈ ಸಲ ಮೊದಲೇ ಫೋನ್ ಮಾಡಿ ತಿಳಿಸಿದ್ದೇನೆ.