ಮ್ಯಾಜಿಕ್‌ನ ವೆಹಿಕಲ್ ಕಾರ್ಡ್‌ಗಳು: ಯಾರಿಂದ ಓಡಿಸಬೇಕು, ಯಾವಾಗ ಓಡಿಸಬೇಕು

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡಲು ಶುರುಮಾಡಿದವರು ವೆಹಿಕಲ್ ಕಾರ್ಡ್ ಕಂಡಾಗ ಮೊದಲು ನೋಡುವುದು ಕೆಳಗಿನ ಮೂಲೆಯ ಅಂಕಿಯನ್ನು, ಅಂದರೆ ಪವರ್ (ಕೊಡುವ ಡ್ಯಾಮೇಜ್) ಮತ್ತು ಟಫ್‌ನೆಸ್ (ತಾಳುವ ಡ್ಯಾಮೇಜ್). ನಾಲ್ಕು ಮಾನಾಗೆ (ಕಾರ್ಡ್ ಇಳಿಸಲು ಕೊಡುವ ಶಕ್ತಿ) 5/5, ಐದು ಮಾನಾಗೆ 8/6 ಅಂತ ಕಂಡರೆ ಆಸೆಯಾಗುವುದು ಸಹಜ. ಆದರೆ ನೋಡಬೇಕಾದ್ದು ಕ್ರೂ ಎಂಬ ಪದದ ಪಕ್ಕದ ಅಂಕಿ. ಓಡಿಸಲು ಯಾವ ಕ್ರೀಚರನ್ನು (ನಿಮಗಾಗಿ ಹೋರಾಡುವ ಜೀವಿಯ ಕಾರ್ಡ್) ಕೂರಿಸುತ್ತೀರಿ, ಕೂರಿಸಿದ್ದರಿಂದ ಏನನ್ನು ಕಳೆದುಕೊಳ್ಳುತ್ತೀರಿ ಎಂಬುದರ ಮೇಲೆ ವೆಹಿಕಲ್‌ನ ಬೆಲೆ ನಿಂತಿದೆ.

ವೆಹಿಕಲ್‌ಗಳು ಆಟಕ್ಕೆ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಕಲಾದೇಶ್ ಸೆಟ್ಟಿನೊಂದಿಗೆ. ಭಾರತದ ಉಡುಗೆ, ಕಟ್ಟಡ, ಹೆಸರುಗಳಿಂದ ಪ್ರೇರಣೆ ಪಡೆದು ಕಟ್ಟಿದ ಲೋಕ ಅದು. 2025ರ ಈಥರ್‌ಡ್ರಿಫ್ಟ್ ಸೆಟ್ಟಿನಲ್ಲಿ ಅದೇ ಲೋಕ ಆವಿಷ್ಕಾರ್ ಎಂಬ ಹೊಸ ಹೆಸರಿನಲ್ಲಿ ಮರಳಿತು.

ನಿಯಮದ ತಿರುಳು ಇಷ್ಟು. ವೆಹಿಕಲ್ ಒಂದು ಆರ್ಟಿಫ್ಯಾಕ್ಟ್, ಅಂದರೆ ವಸ್ತುವಿನ ಕಾರ್ಡ್. ಪವರ್, ಟಫ್‌ನೆಸ್ ಅಚ್ಚಾಗಿದ್ದರೂ ಮೇಜಿನ ಮೇಲೆ ಸುಮ್ಮನೆ ಕೂತಿರುವಾಗ ಅದು ಕ್ರೀಚರ್ ಅಲ್ಲ. ಕ್ರೂ 3 ಅಂತಿದ್ದರೆ, ಟ್ಯಾಪ್ ಆಗದ (ಬಳಸಿದ ಗುರುತಿಗೆ ಅಡ್ಡ ತಿರುಗಿಸದ) ನಿಮ್ಮ ಕ್ರೀಚರ್‌ಗಳಲ್ಲಿ ಒಟ್ಟು ಪವರ್ 3 ಅಥವಾ ಹೆಚ್ಚಾಗುವಷ್ಟನ್ನು ಟ್ಯಾಪ್ ಮಾಡಿದರೆ ಆ ಟರ್ನ್ ಮುಗಿಯುವವರೆಗೆ ಅದು ಆರ್ಟಿಫ್ಯಾಕ್ಟ್ ಕ್ರೀಚರ್ ಆಗುತ್ತದೆ. ಒಂದೇ ಕ್ರೀಚರ್ ಸಾಕಾದರೆ ಒಂದು, ಬೇಕಾದರೆ ಐದು. ಬೇಕಾದ್ದಕ್ಕಿಂತ ಹೆಚ್ಚು ಕ್ರೀಚರ್ ಕೂರಿಸಲೂ ಅಡ್ಡಿಯಿಲ್ಲ. ವೆಟರನ್ ಮೋಟರಿಸ್ಟ್ ಎಂಬ ಕ್ರೀಚರ್ ಪ್ರತಿ ಸಲ ಕ್ರೂ ಮಾಡಿದಾಗಲೂ ಆ ವೆಹಿಕಲ್‌ಗೆ +1/+1 ಕೊಡುವುದರಿಂದ ಎರಡು ಮೋಟರಿಸ್ಟ್‌ಗಳನ್ನು ಒಟ್ಟಿಗೆ ಕೂರಿಸುವುದು ಲಾಭವೇ. ಪವರ್ ಸೊನ್ನೆ ಇರುವ ಗೋಡೆಯಂಥ ಕ್ರೀಚರ್‌ನಿಂದ ಮಾತ್ರ ಏನೂ ಪ್ರಯೋಜನವಿಲ್ಲ.

ಈಗಷ್ಟೇ ಇಳಿಸಿದ ಕ್ರೀಚರ್ ಅಟ್ಯಾಕ್ ಮಾಡುವಂತಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಕ್ರೂ ಮಾಡಬಹುದು. ಹೊಸ ಕ್ರೀಚರ್‌ಗೆ ತಡೆಯಿರುವುದು ಅದರದ್ದೇ ಟ್ಯಾಪ್ ಚಿಹ್ನೆಯಿರುವ ಸಾಮರ್ಥ್ಯಕ್ಕೆ; ಕ್ರೂ ಎನ್ನುವುದು ವೆಹಿಕಲ್‌ನ ಸಾಮರ್ಥ್ಯ, ಅದರ ವೆಚ್ಚದಲ್ಲಿ ಆ ಚಿಹ್ನೆಯೂ ಇಲ್ಲ. ಇದರ ಇನ್ನೊಂದು ಮಗ್ಗುಲನ್ನು ಮರೆಯುವವರೇ ಹೆಚ್ಚು: ವೆಹಿಕಲ್ ಕೂಡ ಅದೇ ಟರ್ನ್‌ನಲ್ಲಿ ಬಂದಿದ್ದರೆ, ಕ್ರೂ ಮಾಡಿದರೂ ಅದು ಅಟ್ಯಾಕ್ ಮಾಡಲಾರದು. ಹೇಸ್ಟ್ (ಬಂದ ಟರ್ನ್‌ನಲ್ಲೇ ಅಟ್ಯಾಕ್ ಮಾಡುವ ಸಾಮರ್ಥ್ಯ) ಇರುವ ಫ್ಲೀಟ್‌ವೀಲ್ ಕ್ರೂಸರ್‌ನಂಥವಕ್ಕಷ್ಟೇ ವಿನಾಯಿತಿ. ಹಾಗಾಗಿ ಸರಿಯಾದ ಕ್ರಮ ಸಾಮಾನ್ಯವಾಗಿ ಹೀಗೆ: ವೆಹಿಕಲ್ ಒಂದು ಟರ್ನ್ ಮುಂಚೆ, ಓಡಿಸುವ ಕ್ರೀಚರ್ ಆಮೇಲೆ.

ಮೇಜಿನ ಮೇಲೆ ಇದನ್ನೇ ನೋಡೋಣ. ಮೊದಲ ಟರ್ನ್‌ನಲ್ಲಿ ಟೂಲ್‌ಕ್ರಾಫ್ಟ್ ಎಗ್ಸೆಂಪ್ಲರ್, ಒಂದು ಮಾನಾದ 1/1. ಎರಡನೆಯದರಲ್ಲಿ ಹಾರ್ಟ್ ಆಫ್ ಕಿರಣ್, ಎರಡು ಮಾನಾಗೆ ಹಾರುವ 4/4, ವಿಜಿಲೆನ್ಸ್ (ಅಟ್ಯಾಕ್ ಮಾಡಿದರೂ ಟ್ಯಾಪ್ ಆಗದಿರುವುದು) ಬೇರೆ, ಕ್ರೂ 3. ಆರ್ಟಿಫ್ಯಾಕ್ಟ್ ಇರುವುದರಿಂದ ಎಗ್ಸೆಂಪ್ಲರ್ ನಿಮ್ಮ ಕಾಂಬ್ಯಾಟ್ (ಹೋರಾಟದ ಹಂತ) ಆರಂಭದಲ್ಲಿ +2/+1 ಪಡೆದು 3/2 ಆಗಿ ಎರಡನೇ ಟರ್ನ್‌ನಲ್ಲೇ ನುಗ್ಗುತ್ತದೆ. ಮೂರನೇ ಟರ್ನ್‌ನಲ್ಲಿ ಎರಡು ಮಾನಾ ಕೊಟ್ಟು ಸ್ಕ್ರ್ಯಾಪ್‌ಹೀಪ್ ಸ್ಕ್ರೌಂಜರ್ ಇಳಿಸಿ. ಅದು 3/2, ಇವತ್ತು ಅಟ್ಯಾಕ್ ಮಾಡಲಾಗದು, ಆದರೆ ಒಂದೇ ಕೂತು ಕಿರಣ್ ಓಡಿಸಬಲ್ಲದು. ಕಿರಣ್ 4, ಎಗ್ಸೆಂಪ್ಲರ್ 3, ಒಟ್ಟು ಏಳು ಡ್ಯಾಮೇಜ್. ಸುಮ್ಮನೆ ನಿಂತಿರಬೇಕಾಗಿದ್ದ ಕ್ರೀಚರ್ ನಾಲ್ಕು ಡ್ಯಾಮೇಜ್ ತಂದುಕೊಟ್ಟಿತು. ಈ ಬಗೆಯ ಕಾರ್ಡ್‌ಗಳನ್ನೇ ಆಧರಿಸಿದ ಮಾರ್ಡು ವೆಹಿಕಲ್ಸ್ ಡೆಕ್ 2017ರ ಫೆಬ್ರುವರಿಯಲ್ಲಿ ಡಬ್ಲಿನ್‌ನ ಪ್ರೋ ಟೂರ್ ಪಂದ್ಯಾವಳಿ ಗೆದ್ದಿತು.

ಸ್ಕ್ರೌಂಜರ್ ಇಲ್ಲದಿದ್ದರೆ? ಎಗ್ಸೆಂಪ್ಲರ್‌ನ ಮೂಲ ಪವರ್ ಒಂದೇ, ಆದ್ದರಿಂದ ಮೇನ್ ಫೇಸ್‌ನಲ್ಲಿ (ಕಾರ್ಡ್ ಇಳಿಸುವ ಹಂತ) ಅದರಿಂದ ಕ್ರೂ 3 ಆಗುವುದಿಲ್ಲ. ಕಾಂಬ್ಯಾಟ್ ಆರಂಭದ ಟ್ರಿಗರ್ (ತಾನಾಗಿ ಜಾರಿಯಾಗುವ ಸಾಮರ್ಥ್ಯ) ರಿಸಾಲ್ವ್ ಆಗಿ, ಅಂದರೆ ನೆರವೇರಿ, ಪವರ್ ಮೂರಾದ ಮೇಲೆ, ಅದೇ ಹಂತದಲ್ಲಿ, ಅಟ್ಯಾಕರ್‌ಗಳನ್ನು ಘೋಷಿಸುವ ಮುಂಚೆ ಕ್ರೂ ಮಾಡಬೇಕು. ಈ ಕಿಟಕಿ ಬಹಳ ಸಣ್ಣದು. ಆಗಿನ ಟೂರ್ನಮೆಂಟ್ ನಿಯಮದ ಪ್ರಕಾರ 'ಕಾಂಬ್ಯಾಟ್' ಅಂತ ಹೇಳಿದ ಕೂಡಲೇ ಆ ಅವಕಾಶವನ್ನು ಬಿಟ್ಟುಕೊಟ್ಟಂತೆ ಎಣಿಕೆಯಾಗುತ್ತಿತ್ತು. ಡಬ್ಲಿನ್‌ನಲ್ಲೇ ಇದು ದೊಡ್ಡ ಗೊಂದಲವಾಗಿ, ಅದೇ ವರ್ಷ ನಿಯಮ ತಿದ್ದಿದರು. ಈಗ ಎದುರಾಳಿಯ ಪ್ರತಿಕ್ರಿಯೆ ಮುಗಿದ ಮೇಲೆ ಕಾಂಬ್ಯಾಟ್ ಆರಂಭದಲ್ಲಿ ನಿಮಗೆ ಮತ್ತೆ ಅವಕಾಶ ಸಿಗುತ್ತದೆ. ಆದರೂ 'ಕಾಂಬ್ಯಾಟ್ ಆರಂಭಕ್ಕೆ ಹೋಗುತ್ತೇನೆ, ಇಲ್ಲಿ ಕ್ರೂ ಮಾಡುವುದಿದೆ' ಅಂತ ಬಾಯಿಬಿಟ್ಟು ಹೇಳುವುದೇ ಒಳ್ಳೆಯದು. ಅಟ್ಯಾಕರ್ ಘೋಷಿಸಿದ ಮೇಲೆ ಕ್ರೂ ಮಾಡಿದರೆ ವೆಹಿಕಲ್ ಕ್ರೀಚರ್ ಆಗುತ್ತದೆ, ಅಟ್ಯಾಕ್‌ಗೆ ಸೇರುವುದಿಲ್ಲ.

ಎದುರಾಳಿ ಕ್ರೂ ತಡೆಯುವುದು ಹೇಗೆ? ಕ್ರೀಚರ್ ಟ್ಯಾಪ್ ಮಾಡುವುದು ವೆಚ್ಚ. ವೆಚ್ಚ ಕೊಡುವ ನಡುವೆ ಯಾರೂ ಕೈ ಹಾಕುವಂತಿಲ್ಲ. ಟ್ಯಾಪ್ ಆದ ಮೇಲೆ ಓಡಿಸುವವನನ್ನು ಕೊಂದರೂ ವೆಹಿಕಲ್ ಓಡುತ್ತದೆ. ಕೊಲ್ಲುವುದಿದ್ದರೆ ನಿಮ್ಮ ಟರ್ನ್ ಶುರುವಾಗುವ ಮುಂಚೆಯೇ ಕೊಲ್ಲಬೇಕು; ನಿಮ್ಮ ಟರ್ನ್‌ನಲ್ಲಿ ಕೊಲ್ಲಲು ಬಂದರೆ ನೀವು ಅದಕ್ಕೆ ಪ್ರತಿಯಾಗಿ ಕ್ರೂ ಮಾಡಿಬಿಡಬಹುದು. ಅಟ್ಯಾಕ್, ಬ್ಲಾಕ್ ಎರಡನ್ನೂ ಬಂದ್ ಮಾಡುವ ಪ್ಯಾಸಿಫಿಸಂ ಎಂಬ ಕಾರ್ಡ್ ಅಂಟಿಸಿದರೂ ಆ ಕ್ರೀಚರ್ ಕ್ರೂ ಮಾಡಬಲ್ಲದು. ಅದಕ್ಕೇ ಕಲಾದೇಶ್‌ನ ರಿವೋಕ್ ಪ್ರಿವಿಲೆಜಸ್‌ನಲ್ಲಿ ಕ್ರೂ ಮಾಡುವಂತಿಲ್ಲ ಎಂಬುದನ್ನೂ ಬರೆದಿದ್ದಾರೆ. ಪ್ಯಾಸಿಫಿಸಂ ಅನ್ನು ಓಡುತ್ತಿರುವ ವೆಹಿಕಲ್‌ಗೇ ಹಾಕಿದರೆ ಟರ್ನ್ ಮುಗಿದು ಅದು ಕ್ರೀಚರ್ ಆಗಿ ಉಳಿಯದ ಕ್ಷಣ ಕಳಚಿ ಗ್ರೇವ್‌ಯಾರ್ಡ್‌ಗೆ (ಮುಗಿದ ಕಾರ್ಡ್‌ಗಳ ರಾಶಿಗೆ) ಹೋಗುತ್ತದೆ. ನೀವು ತೊಡಿಸಿದ ಎಕ್ವಿಪ್‌ಮೆಂಟ್ ಕೂಡ ಬಿದ್ದುಹೋಗುತ್ತದೆ. +1/+1 ಕೌಂಟರ್ (ಕಾರ್ಡ್ ಮೇಲಿಡುವ ಗುರುತಿನ ಬಿಲ್ಲೆ) ಮಾತ್ರ ಉಳಿಯುತ್ತದೆ.

ಎಲ್ಲ ಕ್ರೀಚರ್‌ಗಳನ್ನೂ ಒಟ್ಟಿಗೆ ಅಳಿಸುವ ಸಾರ್ಸರಿಗಳ (ಸ್ವಂತ ಮೇನ್ ಫೇಸ್‌ನಲ್ಲಷ್ಟೇ ಬಳಸುವ ಮಂತ್ರಗಳ) ಮುಂದೆ ವೆಹಿಕಲ್ ಉಳಿಯುವುದೂ ಇದೇ ಕಾರಣಕ್ಕೆ: ಎದುರಾಳಿಯ ಮೇನ್ ಫೇಸ್‌ನಲ್ಲಿ ಅದು ಬರೀ ಆರ್ಟಿಫ್ಯಾಕ್ಟ್. ಉಳಿದ ವೆಹಿಕಲ್‌ಗೆ ಮರು ಟರ್ನ್‌ನಲ್ಲಿ ಒಂದು ಹೊಸ ಕ್ರೀಚರ್ ಸಾಕು. ಇನ್‌ಸ್ಟಂಟ್ ರಿಮೂವಲ್ (ಯಾರ ಟರ್ನ್‌ನಲ್ಲಾದರೂ ಹಾಕಿ ಕ್ರೀಚರ್ ತೆಗೆಯುವ ಕಾರ್ಡ್) ಇಟ್ಟುಕೊಂಡವನಿಗೆ ಈ ರಕ್ಷಣೆ ನಡೆಯದು.

ವೆಹಿಕಲ್ ಅಟ್ಯಾಕ್ ಮಾಡಿದರೆ ಎದುರಾಳಿಯ ಟರ್ನ್‌ನಲ್ಲಿ ಅದೂ ಟ್ಯಾಪ್, ಓಡಿಸಿದವನೂ ಟ್ಯಾಪ್. ಎರಡು ಬ್ಲಾಕರ್ ಹೋದವು ಅಂತ ಲೆಕ್ಕ. ಸೋಲು ಹೆಚ್ಚಾಗಿ ಬರುವುದು ಈ ಲೆಕ್ಕ ತಪ್ಪಿದಾಗಲೇ. ವಿಜಿಲೆನ್ಸ್ ಇದ್ದರೂ ಓಡಿಸಲು ಮತ್ತೊಬ್ಬ ಬೇಕು. ಹಾರ್ಟ್ ಆಫ್ ಕಿರಣ್‌ಗೆ ಇಲ್ಲೊಂದು ದಾರಿಯಿದೆ: ಕ್ರೀಚರ್ ಟ್ಯಾಪ್ ಮಾಡುವ ಬದಲು ನಿಮ್ಮ ಪ್ಲೇನ್ಸ್‌ವಾಕರ್‌ನಿಂದ (ಲಾಯಲ್ಟಿ ಕೌಂಟರ್‌ಗಳಿಂದ ನಡೆಯುವ ಸಂಗಾತಿ ಕಾರ್ಡ್) ಒಂದು ಲಾಯಲ್ಟಿ ಕೌಂಟರ್ ತೆಗೆಯಬಹುದು. ಬ್ಲಾಕ್ ಮಾಡಲು ಎದುರಾಳಿ ಅಟ್ಯಾಕರ್ ಘೋಷಿಸಿದ ಕೂಡಲೇ, ಬ್ಲಾಕ್ ಹಂತಕ್ಕೆ ಮುಂಚೆ ಕ್ರೂ ಮಾಡಿ. ಸ್ವತಃ ಬ್ಲಾಕ್ ಮಾಡಲಾಗದ ಸ್ಕ್ರೌಂಜರ್‌ನಂಥ ಕ್ರೀಚರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಅದು 3/5ರ ಈಥರ್‌ಸ್ಫಿಯರ್ ಹಾರ್ವೆಸ್ಟರ್ ಓಡಿಸಿದರೆ ನಷ್ಟವಿಲ್ಲದೆ ಒಂದು ಬ್ಲಾಕರ್ ಸಿಕ್ಕಂತೆ.

ಡೆಕ್ ಕಟ್ಟುವಾಗ ಕ್ರೂ 1 ಮತ್ತು ಕ್ರೂ 4 ಬೇರೆಬೇರೆ ಜಾತಿಯೆಂದೇ ತಿಳಿಯಿರಿ. ಕ್ರೂ 1 ಇದ್ದರೆ ಆಟದ ಕೊನೆಗೆ ಕೆಲಸಕ್ಕೆ ಬಾರದ 1/1 ಕೂಡ ಬೆಲೆಬಾಳುತ್ತದೆ. ಸ್ಮಗ್ಲರ್ಸ್ ಕಾಪ್ಟರ್ ಹಾಗಾಗಿಯೇ ಮಿತಿ ಮೀರಿತು: ಎರಡು ಮಾನಾ, ಹಾರುವ 3/3, ಕ್ರೂ 1, ಅಟ್ಯಾಕ್ ಅಥವಾ ಬ್ಲಾಕ್ ಮಾಡಿದಾಗಲೆಲ್ಲ ಒಂದು ಕಾರ್ಡ್ ಎಳೆದು ಒಂದು ಬಿಡಬಹುದು, ಬಣ್ಣವಿಲ್ಲದ್ದರಿಂದ ಯಾವ ಡೆಕ್‌ಗೂ ಸರಿ. 2017ರ ಜನವರಿಯಲ್ಲಿ ಇತ್ತೀಚಿನ ಸೆಟ್‌ಗಳಷ್ಟೇ ಸಲ್ಲುವ ಸ್ಟ್ಯಾಂಡರ್ಡ್ ಬಗೆಯ ಆಟದಿಂದ ನಿಷೇಧವಾಯಿತು. ಕ್ರೂ 4 ಆದರೆ ಕ್ರೀಚರ್ ಎಲ್ಲಿಂದ ಬರುತ್ತದೆಂದು ಮೊದಲೇ ಯೋಚಿಸಿರಬೇಕು. ಎಸಿಕಾಸ್ ಚಾರಿಯಟ್ ಇಳಿಯುವಾಗಲೇ ಎರಡು 2/2 ಬೆಕ್ಕುಗಳನ್ನು ತರುತ್ತದೆ, ಸರಿಯಾಗಿ ನಾಲ್ಕು ಪವರ್; ಅಟ್ಯಾಕ್ ಮಾಡಿದಾಗ ಮೂರನೇ ಬೆಕ್ಕು. ತನ್ನ ಸಿಬ್ಬಂದಿಯನ್ನು ತಾನೇ ತರುವ ವೆಹಿಕಲ್‌ಗಿಂತ ಒಳ್ಳೆಯದಿಲ್ಲ. ಗ್ರೀಸ್‌ಫ್ಯಾಂಗ್, ಒಕಿಬಾ ಬಾಸ್ ಎಂಬ ಕ್ರೀಚರ್ ಇನ್ನೊಂದು ಬಗೆ: ಮೂರು ಮಾನಾದ 4/3, ಕಾಂಬ್ಯಾಟ್ ಆರಂಭದಲ್ಲಿ ಗ್ರೇವ್‌ಯಾರ್ಡ್‌ನಿಂದ ಒಂದು ವೆಹಿಕಲ್ ಎತ್ತಿ ಹೇಸ್ಟ್ ಕೊಡುತ್ತದೆ. ಎತ್ತಿದ್ದು ಎಂಟು ಮಾನಾದ ಪ್ಯಾರೀಲಿಯನ್ 2 ಆಗಿದ್ದರೆ ಅದರ ಕ್ರೂ 4ಕ್ಕೆ ಗ್ರೀಸ್‌ಫ್ಯಾಂಗ್ ಒಂದೇ ಸಾಕು. ಐದು ಡ್ಯಾಮೇಜ್, ಜೊತೆಗೆ ಅಟ್ಯಾಕ್ ಮಾಡುತ್ತಲೇ ಬರುವ ಎರಡು 4/4 ಏಂಜೆಲ್‌ಗಳು: ಮೂರನೇ ಟರ್ನ್‌ನಲ್ಲಿ ಹದಿಮೂರು. ಎಂಡ್ ಸ್ಟೆಪ್‌ನಲ್ಲಿ ಪ್ಯಾರೀಲಿಯನ್ ಕೈಗೆ ಮರಳುತ್ತದೆ, ಏಂಜೆಲ್‌ಗಳು ಉಳಿಯುತ್ತವೆ.

ಲಿಮಿಟೆಡ್‌ನ (ಆಗಲೇ ಪ್ಯಾಕ್ ಒಡೆದು ಡೆಕ್ ಕಟ್ಟುವ ಆಟ) 40 ಕಾರ್ಡ್ ಡೆಕ್‌ನಲ್ಲಿ ಹದಿನೈದು ಕ್ರೀಚರ್ ಇದ್ದರೆ ಎರಡು ವೆಹಿಕಲ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಮೂರನೆಯದು ಬಂದಾಗ ವೆಹಿಕಲ್ ತುಂಬಿದ, ಓಡಿಸುವವರಿಲ್ಲದ ಕೈ ಸಿಗುವ ಅಪಾಯ ಹೆಚ್ಚು. ಕಲಾದೇಶ್ ಡ್ರಾಫ್ಟ್‌ನಲ್ಲಾದರೆ ರೆನೆಗೇಡ್ ಫ್ರೈಟರ್ ಕಂಡರೆ ಬಿಡಬೇಡಿ: ಕ್ರೂ 2, ಅಟ್ಯಾಕ್ ಮಾಡಿದರೆ 5/4 ಟ್ರಾಂಪಲ್ (ಬ್ಲಾಕರ್‌ನನ್ನು ಕೊಂದು ಮಿಕ್ಕ ಡ್ಯಾಮೇಜ್ ಎದುರಾಳಿಗೆ ತಗಲುವುದು).

ಇತ್ತೀಚಿನ ಸೆಟ್‌ಗಳ ಎರಡು ಸಾಮರ್ಥ್ಯಗಳನ್ನು ಕ್ರೂ ಜೊತೆ ಬೆರೆಸಬೇಡಿ. 2024ರಲ್ಲಿ ಬಂದ ಮೌಂಟ್‌ಗಳ (ಸವಾರಿಯ ಕ್ರೀಚರ್‌ಗಳ) ಸ್ಯಾಡಲ್, 2025ರ ಸ್ಪೇಸ್‌ಕ್ರಾಫ್ಟ್‌ಗಳ ಸ್ಟೇಷನ್ ಎರಡೂ ಸಾರ್ಸರಿ ಮಾಡುವ ಹೊತ್ತಿನಲ್ಲಷ್ಟೇ ನಡೆಯುತ್ತವೆ. ಎದುರಾಳಿ ಅಟ್ಯಾಕ್ ಘೋಷಿಸಿದ ಮೇಲೆ ಅವನ್ನು ಬಳಸಲು ಹೋದರೆ ಆಗುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಬರುವುದು ಕ್ರೂ ಮಾತ್ರ.